ಇಸ್ತ್ರಿಯವರ ಕಮಾನು

ನವೆಂಬರ್ 18

ಅದೂ ಸಾಲದು ಅಂತ ಬಸ್ಸು ಬೇರೆ ಬರಲಿಲ್ಲ. ಈಗ ನಡ್ಕೊಂಡೇ ರೂಮಿಗೆ ಹೋಗ್ತಿದೀನಿ, ಅತ್ತಿಗೆ. ನಡುವೆ ಏದುಸಿರು ಕೇಳಿಸಿದ್ರೆ ಅದನ್ನ ಬರೀಬೇಡ. ಅಪ್ಪನಿಗೆ ಕಿವಿ ಕೇಳಿಸಲ್ಲ ಅಂತ ನಾನು ಫೋನಿನಲ್ಲಿ ಮಾತಾಡಿ ಕಳಿಸೋದನ್ನೆಲ್ಲ ಕೂತು ಕಾಗದಕ್ಕೆ ಇಳಿಸ್ತೀಯಲ್ಲ, ಆ ಪುಣ್ಯ ಪೂರ್ತಿ ನಿನಗೇ ಇರಲಿ. ಆದ್ರೆ ಹೋದ ಸಲ ನಾನು ಸೀನಿದ್ದನ್ನೂ ಬರೆದಿದ್ಯಂತೆ!

ಬೆಳಗ್ಗೆಯಿಂದ ಇದು ಮೂರನೇ ಗೋಳು. ಮೊದಲನೇದು, ಸುಣ್ಣಕ್ಕೆ ಕೈ ಬಿರಿದು ಬೆರಳು ಮಡಚೋಕೆ ಆಗ್ತಿಲ್ಲ. ಎರಡನೇದು ದೊಡ್ಡದು. ಅಪ್ಪಾ, ನನ್ನ ಗಾರೆ ಬಿತ್ತು.

ನಾಲ್ಕು ದಿನ ಎತ್ತರಕ್ಕೆ ಕಟ್ಟಿದ ಸಾರುವೆ ಹಲಗೆ ಮೇಲೆ ಅಂಗಾತ ಮಲಗಿ, ಮೂಗಿಗೆ ಬಾಯಿಗೆಲ್ಲ ಸುಣ್ಣ ಉದುರಿಸಿಕೊಂಡು ಹಚ್ಚಿದ ಗಾರೆ. ಎರಡು ಚಾಪೆಯಷ್ಟು ಅಗಲ. ಇವತ್ತು ಒಳಗೆ ಹೋಗಿ ನೋಡಿದ್ರೆ ನೆಲದ ಮೇಲೆ ಬಿದ್ದಿತ್ತು. ಬರೀ ನನ್ನದು ಬಿದ್ದಿದ್ರೆ ಹಾಳಾಗಿ ಹೋಗಲಿ ಅಂತಿದ್ದೆ. ಪಕ್ಕದಲ್ಲಿದ್ದ ನೂರ ನಲವತ್ತು ವರ್ಷದ ಹಳೇ ಹೂವನ್ನೂ ಜೊತೆಗೆ ಎಳ್ಕೊಂಡು ಬಿತ್ತು.

ಯಾವ ಹೂವು ಅಂತ ಹೇಳ್ತೀನಿ, ತಾಳು. ನಾನು ಕೆಲಸ ಮಾಡೋ ಚರ್ಚು ಊರಿನ ನಟ್ಟನಡುವೆ ಇದೆ. ಸುತ್ತ ಬ್ಯಾಂಕು, ಆಫೀಸು, ಎಲ್ಲ ಮೂವತ್ತು ನಲವತ್ತು ಮಹಡಿ. ಇದೊಂದು ಅವುಗಳ ಮಂಡಿ ಹತ್ತಿರ ಕೂತಿರೋ ಹಾಗೆ ಕಾಣತ್ತೆ. ಕಟ್ಟಿದಾಗ ಊರಲ್ಲಿ ಇದರಷ್ಟು ಎತ್ತರದ್ದು ಇನ್ನೊಂದು ಇರಲಿಲ್ಲವಂತೆ. ಎದುರಿಂದ ನೋಡಿದ್ರೆ ಪೂರ್ತಿ ಕಲ್ಲು, ಹಿಂದೆ ಹೋದ್ರೆ ಬರೀ ಇಟ್ಟಿಗೆ. ಕೋಟಿನ ಒಳಗೆ ಸುಕ್ಕು ಅಂಗಿ ಹಾಕಿದ ಹಾಗೆ. ಎರಡು ಗೋಪುರ. ಒಂದಕ್ಕೆ ಗಂಟೆ ಇದೆ, ಇನ್ನೊಂದನ್ನ ಅರ್ಧಕ್ಕೇ ನಿಲ್ಲಿಸಿ ತಗಡಿನ ಟೋಪಿ ಹಾಕಿದಾರೆ. ಒಳಗೆ ಹೋದ್ರೆ ಮಾತ್ರ ನೀನೂ ಬಾಯಿ ಬಿಡ್ತೀಯ. ಸಾಲು ಸಾಲು ಕಂಬ, ಕಂಬದ ತಲೆಯಿಂದ ಎದ್ದು ಎದುರುಬದುರು ಬಂದು ಕೂಡೋ ಕಮಾನುಗಳು, ಚೂಪು ಕಮಾನು, ಎರಡು ಅಂಗೈ ಜೋಡಿಸಿದ ಹಾಗೆ. ಆಮೇಲೆ ಗೊತ್ತಾಗತ್ತೆ, ಎಲ್ಲ ನಾಟಕ! ಕಂಬ ಕಲ್ಲಲ್ಲ, ಎರಕದ ಕಬ್ಬಿಣ, ಮೇಲೆ ಕಲ್ಲಿನ ಬಣ್ಣ. ಕಮಾನಿನ ಚಾವಣಿನೂ ಕಲ್ಲಲ್ಲ, ಬರೀ ಗಾರೆ. ಮೇಲಿನ ಮಾಡಿನ ತೊಲೆಗಳಿಂದ ಮರದ ಕಟ್ಟು ಇಳಿಬಿಟ್ಟು, ಅದಕ್ಕೆ ಬೆರಳಗಲದ ಪಟ್ಟಿ ಹೊಡೆದು, ಪಟ್ಟಿಗೆ ಸುಣ್ಣ, ಮರಳು, ದನದ ಕೂದಲು ಕಲಸಿ ಮೆತ್ತಿದಾರೆ. ಬುಟ್ಟಿ ಮಗುಚಿ ಹಾಕಿ ಒಳಗಿಂದ ಸಾರಿಸಿದ ಹಾಗೆ.

ಕಮಾನುಗಳು ಕೂಡೋ ಕಡೆ ಒಂದೊಂದು ಗಾರೆ ಹೂವು. ಬೇರೆ ಕಡೆ ಇಂಥ ಜಾಗದಲ್ಲಿ ದೇವದೂತರ ಮುಖ ಇರತ್ತಂತೆ. ಇಲ್ಲಿ ಆಗಿನ ಪಾದ್ರಿ, ಯಾವ ಕಸುಬಿನವರು ಕಟ್ಟೋಕೆ ಬಂದು ದುಡಿದರೋ ಅವರ ಹತ್ಯಾರು ಆ ಕಮಾನಿಗೆ ಇರಲಿ ಅಂದರಂತೆ. ಹಾಗಾಗಿ ಒಂದು ಕಡೆ ಹೂವಿನ ದಳದ ನಡುವೆ ಹುಟ್ಟು, ದೋಣಿಯವರದ್ದು. ಒಂದು ಕಡೆ ಹಗ್ಗದ ಸುರುಳಿ. ಪಕ್ಕದ ಚಿಕ್ಕ ಪೂಜಾಪೀಠದ ನೆತ್ತಿಯ ಕಮಾನಿನಲ್ಲಿ ಇಸ್ತ್ರಿಪೆಟ್ಟಿಗೆ! ನಿಜ ಅಪ್ಪಾ, ಇಸ್ತ್ರಿಪೆಟ್ಟಿಗೆ. ಬಟ್ಟೆ ಒಗೆದು ಇಸ್ತ್ರಿ ಮಾಡ್ತಿದ್ದ ಹೆಂಗಸರು ಆ ಮೂಲೆಗೆ ಮರಳು ಹೊತ್ತು ಹಾಕಿದರಂತೆ. ಇವತ್ತಿಗೂ ಎಲ್ಲರೂ ಅದನ್ನ ಇಸ್ತ್ರಿಯವರ ಕಮಾನು ಅಂತಾರೆ. ಬಿದ್ದಿದ್ದು ಆ ಹೂವು. ಏಳು ಚೂರು.

ತಪ್ಪು ಯಾರದ್ದು? ಸುಣ್ಣ ಕಲಸೋ ಮುದುಕನದ್ದು. ಹುಬ್ಬಜ್ಜ ಅಂತ ಹೆಸರಿಟ್ಟಿದೀನಿ. ಹುಬ್ಬು ಎಷ್ಟು ದಪ್ಪ ಅಂದ್ರೆ ಅದರ ಮೇಲೆ ಸುಣ್ಣದ ಪುಡಿ ಕೂತು ಸಂಜೆಗೆ ಬೆಳ್ಳಗಾಗಿರತ್ತೆ. ಮೂವತ್ತೆರಡು ವರ್ಷದಿಂದ ಇದೇ ಚರ್ಚಿನಲ್ಲಿ ಕಲಸ್ತಿದಾರೆ, ಅದಕ್ಕೇ ಯಾರೂ ಕೇಳೋ ಹಾಗಿಲ್ಲ. ಅಳತೆ ಪಾತ್ರೆ ಮುಟ್ಟಲ್ಲ, ಸಲಿಕೆ ಲೆಕ್ಕ. ನಾನು ಎಲ್ಲರೂ ಇದ್ದಾಗಲೇ ಕನ್ನಡಕದ ಮೇಡಂ ಮುಂದೆ ಹೇಳೇಬಿಟ್ಟೆ. ಮೇಡಂ ಅಂದ್ರೆ ಇಡೀ ರಿಪೇರಿ ನೋಡ್ಕೊಳ್ಳೋರು. "ಗಾರೆಯಲ್ಲಿ ಸುಣ್ಣ ಕಡಿಮೆ ಇತ್ತು" ಅಂದೆ. ಹುಬ್ಬಜ್ಜ ಅಲ್ಲೇ ನಿಂತಿದ್ರು. ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದಿದ್ರೆ ಆಡಬೇಕಿತ್ತಲ್ಲ?

ನಾನಂತೂ ನೀನು ಹೇಳಿಕೊಟ್ಟಿದ್ದು ಒಂದೂ ಬಿಟ್ಟಿಲ್ಲ. ಹಸಿ ಗಾರೆ ಎಳೇ ಮಗು ಇದ್ದ ಹಾಗೆ, ಮೂರು ಹೊತ್ತು ನೀರು ಕುಡಿಸಬೇಕು, ಒದ್ದೆ ಗೋಣಿ ಹೊದಿಸಬೇಕು. ಇವರಿಗೆ ಅದೇ ಗೊತ್ತಿಲ್ಲ! ಚಳಿ ಶುರುವಾದ ಮೇಲೆ ನೀರು ಮುಟ್ಟಿಸಬೇಡ ಅಂತ ಮೊದಲ ವಾರವೇ ಹೇಳಿದ್ರು. ನಕ್ಕು ಸುಮ್ಮನಾದೆ. ನಿನ್ನೆ ಸಂಜೆ ಎಲ್ಲ ಹೊರಟ ಮೇಲೆ ಒಬ್ಬಳೇ ಬಕೆಟ್ಟು ಹೊತ್ತು ಮೇಲೆ ಹತ್ತಿ ಚೆನ್ನಾಗಿ ನೀರು ಚಿಮುಕಿಸಿ, ಗೋಣಿ ನೆನೆಸಿ, ಕೋಲು ಒತ್ತುಕೊಟ್ಟು ಹೊದಿಸಿ ಬಂದೆ. ಅಷ್ಟು ನೋಡ್ಕೊಂಡರೂ ಬಿತ್ತು ಅಂದ್ರೆ ಕಲಸಿದವರದ್ದೇ ತಪ್ಪಲ್ವಾ?

ಆರು ತಿಂಗಳ ಪರೀಕ್ಷೆ ಮುಗಿಯೋಕೆ ಇನ್ನೂ ಏಳು ವಾರ ಇದೆ. ಅದರೊಳಗೆ ಕೆಲಸ ಸರಿಯಿಲ್ಲ ಅಂದ್ರೆ ಟಿಕೆಟ್ಟು ಕೊಟ್ಟು ಊರಿಗೆ ಕಳಿಸ್ತಾರೆ, ಈ ದೇಶದಲ್ಲಿರೋಕೆ ಕೊಟ್ಟಿರೋ ಕಾಗದವೂ ರದ್ದು. ಇಂಥ ಹೊತ್ತಲ್ಲಿ ಆ ಮುದುಕ ನನ್ನ ತಲೆಗೆ ತಂದಿಟ್ಟರಲ್ಲ, ಅದಕ್ಕೇ ಸಿಟ್ಟು.

ಮೂರನೇ ಗೋಳು ಬಸ್ಸು. ಅದನ್ನ ಆಗಲೇ ಹೇಳಿದೆ.

ಇಂತಿ,
ನಿನ್ನ ಮಗಳು

(ಮಾವ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. "ಇಂತಿ" ಮಾತ್ರ ನನ್ನದು. ಅವಳು "ಸರಿ, ಇಡ್ತೀನಿ" ಅಂದಳು.)


ನವೆಂಬರ್ 27

ಮಗಳಿಗೆ ಆಶೀರ್ವಾದಗಳು.

ನಿನ್ನ ಮಾತನ್ನು ನಿನ್ನತ್ತಿಗೆ ಬರೆದುಕೊಟ್ಟಳು. ಎರಡು ಸಲ ಓದಿದೆ. ಕೈಗೆ ರಾತ್ರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗು. ಸುಣ್ಣದ ಕೈಯನ್ನು ಬಿಸಿನೀರಿನಲ್ಲಿ ತೊಳೆಯಬೇಡ.

ಆ ಚಾವಣಿಯನ್ನು ನಾಟಕ ಎಂದಿದ್ದೀಯೆ. ಹಾಗನ್ನಬೇಡ. ಒಂದು ಗೋಪುರವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ ಎಂದರೆ ಅಲ್ಲಿ ನೆಲ ಮೆತ್ತಗಿರಬೇಕು. ಕೆಳಗೆ ಹಳೆಯ ಹಳ್ಳವೋ ಕೆರೆಯೋ ಇದ್ದಿರಬಹುದು, ವಿಚಾರಿಸು. ಅಂಥ ನೆಲದ ಮೇಲೆ ಕಲ್ಲಿನ ಚಾವಣಿ ಹೇರಿದ್ದರೆ ಗೋಡೆಗಳು ಎರಡೂ ಕಡೆಗೆ ಬಾಯಿ ಬಿಡುತ್ತಿದ್ದವು. ಭಾರ ಕಡಿಮೆ ಮಾಡಲು ಮರ ಮತ್ತು ಗಾರೆಯಲ್ಲಿ ಕಮಾನು ತೂಗುಹಾಕಿದವನು ನೆಲವನ್ನು ಓದಬಲ್ಲವನು. ಅವನ ಕೆಲಸ ನೂರ ನಲವತ್ತು ವರ್ಷ ನಿಂತಿದೆ. ನಮ್ಮ ಎಷ್ಟು ಕೆಲಸ ಹಾಗೆ ನಿಂತೀತು?

ಈಗ ಬಿದ್ದ ಗಾರೆಯ ಮಾತು. ನೀನು ಎಲ್ಲವನ್ನೂ ಹೇಳಿದ್ದೀಯೆ, ಮುಖ್ಯವಾದುದನ್ನು ಹೇಳಿಲ್ಲ. ಬಿದ್ದ ಚೂರು ಹೇಗಿತ್ತು? ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತಿತ್ತೇ? ಹಾಗಿದ್ದರೆ ಸುಣ್ಣ ಕಡಿಮೆ, ಕಲಸಿದವನ ತಪ್ಪು. ಅಥವಾ ಪದರು ಪದರಾಗಿ, ಹಳೆಯ ಪುಸ್ತಕದ ಹಾಳೆಗಳು ಬಿಟ್ಟುಕೊಂಡ ಹಾಗೆ ಬಿದ್ದಿತ್ತೇ? ಹಾಗಿದ್ದರೆ ಕಲಸಿದವನದಲ್ಲ.

ನಾನು ಆಯುಷ್ಯದಲ್ಲಿ ಒಂದೇ ಸಲ ಪದರು ಬಿಟ್ಟ ಗಾರೆಯನ್ನು ನೋಡಿದ್ದೇನೆ. ಬೆಟ್ಟದ ಮೇಲಿನ ಒಂದು ಬಂಗಲೆಯಲ್ಲಿ. ರಾತ್ರಿ ನೀರು ಗಟ್ಟಿಯಾಗುವಷ್ಟು ಚಳಿ ಬಿದ್ದಿತ್ತು. ಗಾರೆಯೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಬೆಳಗ್ಗೆ ಕರಗುತ್ತದೆ, ಗಾರೆ ಬಿಟ್ಟುಕೊಳ್ಳುತ್ತದೆ.

ಆ ರಾತ್ರಿ ಅಲ್ಲಿ ಚಳಿ ಎಷ್ಟಿತ್ತು? ಆ ಮೂಲೆಯ ಕಿಟಕಿಗೆ ಗಾಜು ಇದೆಯೇ? ಎರಡಕ್ಕೂ ಉತ್ತರ ಬರೆ.

ನಿನ್ನ ಅಪ್ಪ


ಡಿಸೆಂಬರ್ 6

ಅಪ್ಪಾ, ಕಾಗದದ ಫೋಟೋ ಬಂತು. ಕೈಗೆ ಎಣ್ಣೆ ಹಚ್ತಿದೀನಿ, ಬಟ್ಟೆ ಸುತ್ಕೊಂಡು ಮಲಗಿದ್ರೆ ಫೋನು ಒತ್ತೋಕಾಗಲ್ಲ, ಅದೊಂದು ಕಷ್ಟ.

ನೀನು ಹೇಳಿದ್ದು ಸರಿ. ವಿಚಾರಿಸಿದೆ. ಅರ್ಧ ಗೋಪುರದ ಕೆಳಗೆ ಹಳ್ಳ ಇತ್ತಂತೆ. ಕಟ್ಟುವಾಗ ಹಳ್ಳವನ್ನ ಕೊಳವೆಗೆ ಹಾಕಿ ರಸ್ತೆ ಕೆಳಗೆ ಕಳಿಸಿದ್ರಂತೆ, ನೀರು ಕೇಳಬೇಕಲ್ಲ, ಅದು ತನ್ನ ಹಳೇ ದಾರಿ ಬಿಡಲಿಲ್ಲ. ಗೋಪುರ ಒಂದು ಗೇಣು ವಾಲಿದ ಮೇಲೆ ನಿಲ್ಲಿಸಿಬಿಟ್ರು. ಪಾದ್ರಿಗೆ ಹೇಳಿದೆ, ನಮ್ಮಪ್ಪ ನೋಡದೇನೇ ನೆಲ ಮೆತ್ತಗಿದೆ ಅಂದ್ರು ಅಂತ. "ಅವರನ್ನೂ ಕರೆಸೋಣವಾ?" ಅಂದ್ರು. ಸೈಕಲ್ಲಲ್ಲಿ ಓಡಾಡೋ ಪಾದ್ರಿ, ಪ್ಯಾಂಟಿನ ಕಾಲಿಗೆ ರಬ್ಬರ್ ಬ್ಯಾಂಡು ಹಾಕ್ಕೊಂಡೇ ಪೂಜೆಗೆ ಬರ್ತಾರೆ.

ಹುಬ್ಬಜ್ಜನನ್ನ ಕಲಸೋ ಕೆಲಸದಿಂದ ತೆಗೆದಿದಾರೆ. ವಿಚಾರಣೆ ಮುಗಿಯೋ ತನಕ ಬೆಂಚು ಒರೆಸಬೇಕು. ನೂರ ಹತ್ತು ಬೆಂಚು ಇವೆ. ಒಂದು ತುದಿಯಿಂದ ಒರೆಸ್ತಾ ಹೋಗ್ತಾರೆ, ಕಡೇದು ಮುಗಿಯೋ ಹೊತ್ತಿಗೆ ಮೊದಲನೇದರ ಮೇಲೆ ಮತ್ತೆ ಧೂಳು ಕೂತಿರತ್ತೆ. ಸುಣ್ಣ ಈಗ ಯಂತ್ರದಲ್ಲಿ ಕಲಸ್ತಾರೆ, ಅಳತೆ ಪಾತ್ರೆ ಇಟ್ಟು.

ನಿನ್ನೆ ಮೇಡಂ ನಮ್ಮಿಬ್ಬರನ್ನೂ ಜೊತೆಗೆ ಮೇಲೆ ಕಳಿಸಿದ್ರು. ಗಾರೆ ಬಿದ್ದ ಕಡೆ ಮೇಲಿನ ಮರಕ್ಕೆ ಪೆಟ್ಟು ಬಿದ್ದಿದೆಯಾ ನೋಡಬೇಕಿತ್ತು. ಜಾಗ ಗೊತ್ತಿರೋದು ಅವರಿಗೆ, ತೂರೋಕೆ ಆಗೋದು ನನಗೆ. ಗಂಟೆ ಗೋಪುರದ ಸುರುಳಿ ಮೆಟ್ಟಿಲು ಹತ್ತಿ ಒಂದು ಸಣ್ಣ ಬಾಗಿಲು ದಾಟಿದ್ರೆ ಚಾವಣಿಯ ಬೆನ್ನ ಮೇಲೆ ಬರ್ತೀವಿ. ಅಪ್ಪಾ, ಅದನ್ನ ನೀನು ನೋಡಬೇಕು. ಕೆಳಗಿಂದ ನುಣ್ಣಗಿರೋ ಕಮಾನುಗಳೆಲ್ಲ ಮೇಲಿಂದ ಒಂಟೆ ಬೆನ್ನಿನ ಹಾಗೆ ಉಬ್ಬು ತಗ್ಗು. ಪಟ್ಟಿ ಸಂದಿಯಿಂದ ಗಾರೆ ಉಕ್ಕಿ ಬಂದು ಕೊಕ್ಕೆ ಹಾಕಿಕೊಂಡಿರೋದು ಸಾಲಾಗಿ ಕಾಣತ್ತೆ. ಒಳಗಿರೋ ಕೂದಲೂ ಕಾಣತ್ತೆ, ಕೆಂಚು ಬಣ್ಣದ್ದು. ಆ ದನ ಯಾವತ್ತೋ ಸತ್ತಿದೆ, ಕೂದಲು ಇನ್ನೂ ಚಾವಣಿ ಹಿಡ್ಕೊಂಡಿದೆ.

ತೊಲೆಗಳ ಮೇಲೆ ಸೀಸದಕಡ್ಡಿಯಲ್ಲಿ ಬರೆದಿದೆ. ಕಟ್ಟಿದ ಗಾರೆಯವರೇ ಬರೆದಿದ್ದು. ಬೇರೆ ದೇಶದಿಂದ ಬಂದವರಂತೆ, ಹುಬ್ಬಜ್ಜನಿಗೆ ಆ ಭಾಷೆ ಅಷ್ಟಿಷ್ಟು ಬರತ್ತೆ. ನಾನು ಟಾರ್ಚ್ ಹಿಡಿದೆ, ಅವರು ಓದಿ ಹೇಳಿದ್ರು.

"ಇವತ್ತು ಹದಿನಾಲ್ಕು ಜನ. ಬಿಸಿಲು."

"ಇವತ್ತು ಒಬ್ಬನಿಗೆ ಹಲ್ಲುನೋವು. ಇಡೀ ದಿನ ಹಾಡಲಿಲ್ಲ, ಎಲ್ಲರಿಗೂ ನೆಮ್ಮದಿ."

ಇದಕ್ಕೆ ನಾನು ನಕ್ಕೆ, ಅವರು ನಗಲಿಲ್ಲ. ಮುಂದಿನ ತೊಲೆಗೆ ಹೋದ್ರು.

"ಬಕೆಟ್ಟಿನ ನೀರು ಕಲ್ಲಾಯಿತು. ಸುಣ್ಣ ಮುಚ್ಚಿಟ್ಟೆವು. ಹಿಮ ಕರಗುವ ತನಕ ಗಾರೆ ಇಲ್ಲ."

ಅದರ ಪಕ್ಕದ ತೊಲೆಯಲ್ಲಿ ಮರುವರ್ಷದ್ದು. ಅಲ್ಲೂ ಅದೇ. ಅದರಾಚೆ ಇನ್ನೊಂದು ವರ್ಷದ್ದು. ಅದರಲ್ಲಿ, "ಆತುರಪಟ್ಟೆವು. ಹಚ್ಚಿದ್ದು ರಾತ್ರಿಯೇ ಬಿತ್ತು" ಅಂತ. ಹುಬ್ಬಜ್ಜ ಅದನ್ನ ಓದಿ, ಬೆರಳಲ್ಲಿ ಧೂಳು ಒರೆಸಿ, "ಇಳಿಯೋಣ, ಮರ ಗಟ್ಟಿಯಾಗಿದೆ" ಅಂದ್ರು. ಅಷ್ಟೇ.

ಅತ್ತಿಗೆ, ಇಲ್ಲಿಂದ ಮುಂದಕ್ಕೆ ಬರೀಬೇಡ.

(ಮಾವ, ಇಲ್ಲಿ ಸುಮಾರು ಒಂದು ನಿಮಿಷ ಅವಳು ಮಾತಾಡಿದ್ದಾಳೆ. ಬರೆಯಬೇಡ ಎಂದಿದ್ದಾಳೆ, ಬರೆಯುತ್ತಿಲ್ಲ. ನೀವು ಕೇಳಿದ ಚಳಿಯ ಮಾತಿಗೂ ಕಿಟಕಿಯ ಮಾತಿಗೂ ನಾನು ಬರೆದ ಭಾಗದಲ್ಲಿ ಉತ್ತರವಿಲ್ಲ ಎಂದು ನಿಮಗೇ ಕಾಣುತ್ತದೆ.)

ಇಂತಿ,
ನಿನ್ನ ಮಗಳು


ಡಿಸೆಂಬರ್ 8

ಏ ಹುಡುಗಿ,

ಇದು ಮಾವನಿಗೆ ಗೊತ್ತಿಲ್ಲದೆ ನಾನೇ ಬರೀತಿರೋದು. ನೀನು ಅಳೋದನ್ನ ಆ ನಿಮಿಷದಲ್ಲೇ ಮೊದಲು ಕೇಳಿದ್ದು. ನಮ್ಮ ಮದುವೆಯಲ್ಲೂ ನೀನು ಅಳಲಿಲ್ಲ, ಹಂದರದ ಕಂಬ ಸೊಟ್ಟ ಇದೆ ಅಂತ ಜಗಳ ಆಡ್ತಿದ್ದೆ.

ನನಗೆ ಅರ್ಥ ಆಯ್ತು. ಕಿಟಕಿ ಗಾಜು ರಿಪೇರಿಗೆ ಹೋಗಿತ್ತು, ಬರೀ ಪ್ಲಾಸ್ಟಿಕ್ ಹೊದಿಸಿತ್ತು, ನೀನು ನೀರು ಹಾಕಿದ ಗಾರೆ ರಾತ್ರಿ ಹೆಪ್ಪುಗಟ್ಟಿತು. ಚೂರುಗಳೂ ಪದರು ಪದರಾಗೇ ಇದ್ದವು. ತಪ್ಪು ನಿನ್ನದು, ಬೆಂಚು ಒರೆಸ್ತಿರೋದು ಆ ಅಜ್ಜ.

ನಾನು ಗಾರೆಯವರ ಮನೆಗೆ ಬಂದ ಸೊಸೆ, ಗಾರೆಯ ನ್ಯಾಯ ನನಗೆ ಗೊತ್ತಿಲ್ಲ. ನನ್ನ ಬುದ್ಧಿಗೆ ತೋಚಿದ್ದು ಇಷ್ಟು. ಸುಮ್ಮನಿರು. ನೀರು ಹಾಕಿದ್ದನ್ನ ಯಾರೂ ನೋಡಿಲ್ಲ. ಇನ್ನು ನಾಲ್ಕು ವಾರ ಕಳೆದರೆ ನಿನ್ನ ಪರೀಕ್ಷೆ ಮುಗಿಯತ್ತೆ. ಆಮೇಲೆ ಬೇಕಾದ್ರೆ ಹೇಳು. ಆ ಅಜ್ಜನಿಗೆ ಮೂವತ್ತೆರಡು ವರ್ಷದ ಬೇರು ಇದೆ, ಬೆಂಚು ಒರೆಸಿದರೆ ಅವರೇನು ಸವೆದು ಹೋಗಲ್ಲ. ನೀನು ವಾಪಸ್ ಬಂದ್ರೆ ಇಲ್ಲಿ ಏನು ಮಾಡ್ತೀಯ? ನಿಮ್ಮಣ್ಣನ ಟೈಲ್ಸ್ ಅಂಗಡಿಯಲ್ಲಿ ಕೂತು ಬಿಲ್ಲು ಹರೀತೀಯಾ? ಎರಡೇ ದಿನಕ್ಕೆ ಒಬ್ಬರ ತಲೆ ಒಬ್ಬರು ಒಡೀತೀರಿ.

ಮಾವ ದಿನಾ ಕೇಳ್ತಿದಾರೆ, ಬರೀದೆ ಬಿಟ್ಟ ಮಾತು ಏನು ಅಂತ. ಎಷ್ಟು ದಿನ ತಪ್ಪಿಸಿಕೊಳ್ಳಲಿ?

ನಿನ್ನ ಅತ್ತಿಗೆ


ಡಿಸೆಂಬರ್ 15

ಮಗಳಿಗೆ ಆಶೀರ್ವಾದಗಳು.

ನೀನು ಉತ್ತರ ಕೊಡಲಿಲ್ಲ. ಅದರಿಂದಲೇ ಉತ್ತರ ತಿಳಿಯಿತು. ನಿನ್ನತ್ತಿಗೆಯ ಮೇಲೆ ಸಂಶಯ ಬೇಡ, ಅವಳು ಬಾಯಿ ಬಿಟ್ಟಿಲ್ಲ.

ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ನೀನು ದೂರದಲ್ಲಿದ್ದೀಯೆ, ಅಲ್ಲಿನ ಕಷ್ಟ ನನಗೆ ಕಾಣುವುದಿಲ್ಲ. ಆದರೆ ಈ ತಪ್ಪಿನಲ್ಲಿ ನನ್ನ ಪಾಲು ಎಷ್ಟು ಎನ್ನುವುದನ್ನು ಬರೆದು ಕಳಿಸಬೇಕು.

ನಿನಗೆ ಹನ್ನೆರಡು ವರ್ಷವಿದ್ದಾಗ, ನೀರಿನ ಟ್ಯಾಂಕಿನ ಪಕ್ಕದ ಆ ಹಳೆಯ ಮನೆಯ ಗೋಡೆಗೆ ನೀರು ಹಾಕುತ್ತಿದ್ದೆವು. "ದಿನಾ ಯಾಕಪ್ಪಾ ಹಾಕಬೇಕು?" ಎಂದು ನೀನು ಕೇಳಿದೆ. "ಹೇಳಿದಷ್ಟು ಮಾಡು" ಎಂದೆ. ನಿಜವಾದ ಮಾತು ಏನೆಂದರೆ, ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಬಿಸಿಲಿಗೆ ಗಾರೆ ಬೇಗ ಒಣಗಿ ಬಿರಿಯುತ್ತದೆ, ಅದಕ್ಕೆ ನೀರು. ಬಿಸಿಲಿಲ್ಲದ ಕಡೆ ಬೇರೆ ಲೆಕ್ಕ. ಇಷ್ಟು ಹೇಳಿದ್ದರೆ ಸಾಕಿತ್ತು, ಅಲ್ಲಿ ಹೋಗಿ ನೀನೇ ಯೋಚಿಸುತ್ತಿದ್ದೆ. ನಾನು ಕೈಕೆಲಸ ಕೊಟ್ಟೆ, ಕಾರಣ ಕೊಡಲಿಲ್ಲ.

ಇನ್ನೊಂದು ಸಲವೂ ನೀನು ಯಾಕೆ ಎಂದು ಕೇಳಿದ್ದೆ. ನಮ್ಮ ಗಾರೆಯ ತಂಡವನ್ನು ನಿನ್ನಣ್ಣನ ಕೈಗೆ ಒಪ್ಪಿಸಿದ ದಿನ. ಅವನಿಗೆ ಕರಣೆ ಹಿಡಿಯಲು ಬರುವುದಿಲ್ಲ, ನಿನಗೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಂದೂ ನಾನು ನಿನಗೆ "ಹೇಳಿದಷ್ಟು ಕೇಳು" ಎಂದೆ. ಅದಕ್ಕೂ ಕಾರಣ ಕೊಡಲಿಲ್ಲ. ಕೊಡುವಂಥ ಕಾರಣ ಇರಲಿಲ್ಲ, ಮಗಳೇ. ಹೆಣ್ಣು ಮಗಳ ಕೈಕೆಳಗೆ ತಂಡದವರು ನಿಲ್ಲುತ್ತಾರೋ ಇಲ್ಲವೋ ಎಂದು ಅಂಜಿದೆ. ಅವರನ್ನು ಕೇಳಿಯೂ ನೋಡಲಿಲ್ಲ. ಎರಡೇ ವರ್ಷಕ್ಕೆ ತಂಡ ಚದುರಿತು, ಅವನು ಟೈಲ್ಸ್ ಅಂಗಡಿ ಹಾಕಿದ. ನೀನು ಆ ದೇಶಕ್ಕೆ ಹೊರಟೆ.

ಇದನ್ನು ಮುಖ ನೋಡಿ ಹೇಳಬೇಕಿತ್ತು. ಕಾಗದ ಸಿಕ್ಕಿತು, ಬರೆದೆ.

ಹೂವಿನ ಏಳು ಚೂರುಗಳನ್ನು ಯಾರೂ ತೊಳೆಯದಂತೆ ನೋಡಿಕೋ. ಒಣ ಹುಲ್ಲಿನಲ್ಲಿಟ್ಟು, ಬಿಸಿಯೂ ಅಲ್ಲದ ಥಂಡಿಯೂ ಅಲ್ಲದ ಕಡೆ ಇಡು.

ನಿನ್ನ ಅಪ್ಪ

(ಮಾವ ಇದನ್ನ ಫೋಟೋ ತೆಗಿ ಅಂತ ನನ್ನ ಕೈಗೇ ಕೊಟ್ಟರು. ನನ್ನ ಗಂಡನ ಮಾತೂ ಇದರಲ್ಲಿದೆ ಅಂತ ಅವರಿಗೆ ಗೊತ್ತಿದ್ದೇ ಕೊಟ್ಟರು. ನಾನು ನಿಮ್ಮಣ್ಣನಿಗೂ ತೋರಿಸಿದೆ. ಓದಿದರು, "ಸರಿಯಾಗೇ ಬರೆದಿದಾರೆ" ಅಂದರು, ಅಂಗಡಿಗೆ ಹೋದರು.)


ಜನವರಿ 4

ಅಪ್ಪಾ, ಇಪ್ಪತ್ತು ದಿನ ಸುಮ್ಮನಿದ್ದೆ. ನೀನು ಬೈಕೊಂಡಿರ್ತೀಯ. ನಿನ್ನ ಕಾಗದ ಓದಿದ್ದು ಬಟ್ಟೆ ಒಗೆಯೋ ಅಂಗಡಿಯಲ್ಲಿ, ಯಂತ್ರ ಗುರ್ ಅನ್ನೋ ನಡುವೆ. ಬಟ್ಟೆ ಒಣಗಿ ಮುಗಿದ್ರೂ ಏಳಲಿಲ್ಲ. ಪಕ್ಕದವನು "ನಿಮ್ಮದು ಆಯ್ತು ಕಣ್ರೀ" ಅಂತ ಅವರ ಭಾಷೇಲಿ ಮೂರು ಸಲ ಹೇಳಿದ. ಅಣ್ಣನ ಮಾತಿಗೆ ನಾನು ಇಲ್ಲಿ ಏನೂ ಹೇಳಲ್ಲ. ಅದು ಫೋನಿನಲ್ಲಿ ಮಾತಾಡಿ ಕಳಿಸೋ ಮಾತಲ್ಲ.

ಅತ್ತಿಗೆ, ನೀನು ಹೇಳಿದ ಹಾಗೆ ಸುಮ್ಮನಿರೋಕೂ ನೋಡಿದೆ. ನಿಜವಾಗ್ಲೂ ನೋಡಿದೆ. ಒಂದು ವಾರ ಆಯ್ತು. ಹುಬ್ಬಜ್ಜ ದಿನಾ ನನ್ನ ಸಾರುವೆ ಕೆಳಗಿನ ಬೆಂಚು ಒರೆಸ್ತಾರೆ. ನಾನು ಮೇಲಿಂದ ಉದುರಿಸಿದ ಸುಣ್ಣ ಅವರೇ ಒರೆಸಬೇಕು. ಒಂದು ದಿನ ತಲೆ ಎತ್ತಿ, "ಸ್ವಲ್ಪ ಕಮ್ಮಿ ಚೆಲ್ಲಿದ್ರೆ ಪುಣ್ಯ ಬರತ್ತೆ" ಅಂದ್ರು. ಕೈಯಿಂದ ಕರಣೆ ಜಾರಿತು. ಅವರ ತಲೆ ಮೇಲೆ ಬೀಳಲಿಲ್ಲ, ಅದೊಂದು ಬಚಾವು.

ಅವತ್ತೇ ಇಳಿದು ಮೇಡಂ ಹತ್ತಿರ ಹೋದೆ. ಹಿಂದಿನ ಇಟ್ಟಿಗೆ ಗೋಡೆಗೆ ಆತುಕೊಂಡಿರೋ ತಗಡಿನ ಶೆಡ್ಡು ಅವರ ಆಫೀಸು. ನಕ್ಷೆಗಳ ನಡುವೆ ಕೂತಿದ್ರು. ಎಲ್ಲ ಹೇಳಿದೆ. ನೀರು ಹಾಕಿದ್ದು ನಾನು, ಗೋಣಿ ಹೊದಿಸಿದ್ದು ನಾನು, ಬೇಡ ಅಂದಿದ್ದನ್ನ ಕೇಳದೆ ಮಾಡಿದ್ದು ನಾನು. ಸುಣ್ಣ ಕಡಿಮೆ ಅಂದಿದ್ದು ಸುಳ್ಳು. ಅವತ್ತು ಗೊತ್ತಿಲ್ಲದೆ ಹೇಳಿದ ಸುಳ್ಳು, ಆಮೇಲೆ ಗೊತ್ತಿದ್ದೂ ಹಾಗೇ ಬಿಟ್ಟ ಸುಳ್ಳು. ಅವರ ಭಾಷೇಲಿ ಇಷ್ಟೆಲ್ಲ ಹೇಳೋಕೆ ಬರಲ್ಲ ನನಗೆ. ಅಲ್ಲಲ್ಲಿ ಕೈಯಲ್ಲೇ ತೋರಿಸಿದೆ, ಬಕೆಟ್ಟು ಎತ್ತಿದ್ದು, ಚಿಮುಕಿಸಿದ್ದು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ರು. "ಯಾವತ್ತು ಗೊತ್ತಾಯ್ತು?" ಅಂದ್ರು.

"ಮೇಲೆ ಹತ್ತಿದ ದಿನ."

"ಅದಾಗಿ ಎರಡು ವಾರ ಆಯ್ತು."

"ಹೌದು."

"ಎರಡು ವಾರ ಯಾಕೆ?"

"ಊರಿಗೆ ಕಳಿಸ್ತೀರಿ ಅಂತ."

ಅವರು ಕನ್ನಡಕ ಮತ್ತೆ ಹಾಕ್ಕೊಂಡ್ರು. ಹುಬ್ಬಜ್ಜನನ್ನ ಕರೆಸಿದ್ರು. ಒದ್ದೆ ಬಟ್ಟೆ ಕೈಲಿ ಹಿಡ್ಕೊಂಡೇ ಬಂದ್ರು. ಮೇಡಂ ಹೇಳೋಕೆ ಶುರು ಮಾಡ್ತಿದ್ದ ಹಾಗೇ, "ಗೋಣಿ ವಿಷಯ ತಾನೇ?" ಅಂದ್ರು.

ಅವರಿಗೆ ಗೊತ್ತಿತ್ತು ಅಪ್ಪಾ. ಮೊದಲ ದಿನದಿಂದ ಗೊತ್ತಿತ್ತು! ಗಾರೆ ಬಿದ್ದ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಾಗಿಲು ತೆಗೆದವರು ಅವರೇ ಅಂತೆ. ಗೋಣಿ ಹಲಗೆ ಥರ ಸೆಟೆದುಕೊಂಡು ಚೂರುಗಳ ಮೇಲೆ ಬಿದ್ದಿತ್ತಂತೆ. ಎತ್ತಿ ಒಯ್ದು ಬಾಯ್ಲರು ರೂಮಿಗೆ ಹಾಕಿದ್ರಂತೆ.

ಮೇಡಂ ಕೇಳಿದ್ರು, "ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

"ಇವಳೇ ಹೇಳ್ತಾಳೋ ಇಲ್ಲವೋ ನೋಡೋಣ ಅಂತ" ಅಂದ್ರು ಹುಬ್ಬಜ್ಜ. "ಒಂದು ವಾರ ಸಾಕು ಅಂದ್ಕೊಂಡಿದ್ದೆ. ಈ ಹುಡುಗಿಗೆ ಐದು ಬೇಕಾಯ್ತು. ಇನ್ನೊಂದು ವಾರ ಆಗಿದ್ರೆ ನಾನೇ ಹೇಳ್ತಿದ್ದೆ. ನನಗೇನು ಬೆಂಚು ಒರೆಸೋ ಹರಕೆ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕ್ಷಮೆ ಕೇಳ್ತೀಯಾ, ಇಲ್ಲ ಅದಕ್ಕೂ ಐದು ವಾರ ಕಾಯಬೇಕಾ?" ಅಂದ್ರು.

ಕೇಳಿದೆ. ಮೇಡಂ ಮುಂದೆ, ಎಲ್ಲ ಕೆಲಸದವರ ಮುಂದೆ. ಅವರನ್ನ ದೂರಿದ್ದೂ ಎಲ್ಲರ ಮುಂದೆ ತಾನೇ.

ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ ಅವರು. ಅದೂ ನ್ಯಾಯವೇ. ಐದನೇ ದಿನ ಜರಡಿ ತಂದು ನನ್ನ ಕಾಲ ಹತ್ತಿರ ಇಟ್ಟು, "ಮರಳು" ಅಂದ್ರು.

ಈಗ ತೀರ್ಮಾನ ಕೇಳು. ಮೊನ್ನೆ ಬಂತು. ಕಳಿಸೋದಿಲ್ಲ. ಪರೀಕ್ಷೆ ಇನ್ನೂ ಆರು ತಿಂಗಳು ಮುಂದಕ್ಕೆ ಹಾಕಿದಾರೆ. ಹಿಮ ಕರಗೋ ತನಕ ಕರಣೆ ಮುಟ್ಟೋ ಹಾಗಿಲ್ಲ, ಹುಬ್ಬಜ್ಜನ ಕೈಕೆಳಗೆ ಮರಳು ಜರಡಿ ಹಿಡಿಯೋದು, ಸುಣ್ಣ ಅರಳಿಸೋದು. ಅಂದ್ರೆ ನನಗೆ ಹನ್ನೆರಡು ವರ್ಷ ಇದ್ದಾಗ ಮಾಡ್ತಿದ್ದ ಕೆಲಸ. ನಗಬೇಡ. ಅವರ ಪಕ್ಕ ಕೂತು ನೋಡಿದ ಮೇಲೆ ಗೊತ್ತಾಯ್ತು, ಆ ಸಲಿಕೆ ಲೆಕ್ಕ ಸುಮ್ಮನೆ ಅಲ್ಲ. ಮರಳು ಒದ್ದೆ ಇದ್ದ ದಿನ ಉಬ್ಬಿರತ್ತಂತೆ, ಪಾತ್ರೆಯಲ್ಲಿ ಅಳೆದ್ರೆ ಕಮ್ಮಿ ಬೀಳತ್ತಂತೆ. ಅವರು ಮುಷ್ಟಿಯಲ್ಲಿ ಹಿಂಡಿ ನೋಡಿ ಅರ್ಧ ಸಲಿಕೆ ಹೆಚ್ಚು ಹಾಕ್ತಾರೆ. ಯಾಕೆ ಅಂತ ನಾನು ಕೇಳೋಕೆ ಮುಂಚೆನೇ ಹೇಳ್ತಾರೆ. ಕೇಳದಿದ್ರೂ ಹೇಳ್ತಾರೆ, ಅದು ಬೇರೆ ಕಷ್ಟ.

ಇಸ್ತ್ರಿಪೆಟ್ಟಿಗೆ ಹೂವು ಹುಲ್ಲಿನಲ್ಲಿದೆ. ಏಳರಲ್ಲಿ ಆರು ಚೂರು ಮತ್ತೆ ಕೂರಿಸಬಹುದು. ಏಳನೇದು, ಹಿಡಿ ಇರೋ ಭಾಗ, ನುಚ್ಚಾಗಿದೆ. ಅಚ್ಚಿನಲ್ಲಿ ಎರಕ ಹೊಯ್ಯೋಣ ಅಂತ ಮೇಡಂ ಅಂದ್ರು. ಹುಬ್ಬಜ್ಜ ಬೇಡ ಅಂದ್ರು. ಮೊದಲು ಮಾಡಿದವರು ಅಲ್ಲೇ ಅಂಗಾತ ಮಲಗಿ ಹಸಿ ಗಾರೆಯಲ್ಲಿ ಕೈಯಿಂದ ತಿದ್ದಿದ್ದಂತೆ, ಬೆರಳಿನ ಗುರುತು ಇದೆಯಂತೆ. ಹಾಗೆ ತಿದ್ದೋರು ಈಗ ಇಲ್ಲಿ ಯಾರೂ ಇಲ್ಲ. ನಾನು ಬಾಯಿ ತಪ್ಪಿ ನಮ್ಮಪ್ಪನಿಗೆ ಬರತ್ತೆ ಅಂದುಬಿಟ್ಟೆ. ಬಾಗಿಲ ಮೇಲಿನ ಬಳ್ಳಿ, ಗಿಳಿ, ಎಲ್ಲ ಅಚ್ಚಿಲ್ಲದೆ ಮಾಡ್ತಿದ್ರು ಅಂದೆ.

ಹುಬ್ಬಜ್ಜನ ಹುಬ್ಬು ಎರಡೂ ಮೇಲಕ್ಕೆ ಹೋದವು. "ಮತ್ತೆ ಕೇಳು ಅವರನ್ನ. ಚಳಿಗಾಲ ಪೂರ್ತಿ ಇದೆ. ನೀನು ಕಲಿ, ಹಿಮ ಕರಗಿದ ಮೇಲೆ ನೀನೇ ತಿದ್ದು" ಅಂದ್ರು. ಕಿವಿ ಕೇಳಿಸಲ್ಲ ಅಂದೆ. "ನನಗೂ ನಿಮ್ಮ ಭಾಷೆ ಬರಲ್ಲ. ಕೈ ಕಾಣಿಸಿದ್ರೆ ಸಾಕು" ಅಂದ್ರು.

ಅದಕ್ಕೇ ಅಪ್ಪಾ, ಒಂದು ಬಾಂಡಲಿ ನುಣ್ಣನೆ ಗಾರೆ ಕಲಸಿಟ್ಟುಕೋ. ನೀರು ಕಮ್ಮಿ ಇರಲಿ, ಅದು ನಿನಗೆ ನಾನು ಹೇಳಬೇಕಾ. ಅತ್ತಿಗೆ, ಫೋನನ್ನ ಅವರ ಮುಖಕ್ಕಲ್ಲ, ಕೈಗೆ ಹಿಡಿ, ಅಲ್ಲಾಡಿಸಬೇಡ. ಅಣ್ಣ ಮನೇಲಿದ್ರೆ ದೀಪ ಹಿಡೀಲಿ, ಬೇಡ ಅನ್ನಲ್ಲ. ನಾನೂ ಹುಬ್ಬಜ್ಜನೂ ಈ ಕಡೆ ಆ ತಗಡಿನ ಶೆಡ್ಡಿನಲ್ಲಿ ಗಾರೆ ಹಿಡ್ಕೊಂಡು ಕೂತಿರ್ತೀವಿ, ಅಪ್ಪ ತಿದ್ದಿದ ಹಾಗೇ ತಿದ್ತೀವಿ. ನಮಗೆ ಬೆಳಗ್ಗೆ ಹನ್ನೊಂದು, ನಿಮಗೆ ಸಂಜೆ. ಭಾನುವಾರ, ನಿಮ್ಮ ಗಡಿಯಾರದಲ್ಲಿ ಸರಿಯಾಗಿ ನಾಲ್ಕೂವರೆಗೆ ವಿಡಿಯೋ ಫೋನ್ ಮಾಡ್ತೀನಿ.

ನಿನ್ನ ಮಗಳು